ಅನ್ನ ಬಿಟ್ಟ ಮೊದಲ ವಾರ ಇಳಿಯುವ ಆ ಮೂರು ಕಿಲೋ

ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಎಲ್ಲಿಗೆ ಹೋದರೂ ಈಗ ‘ನಾನು ಅನ್ನ ಬಿಟ್ಟಿದ್ದೇನೆ’ ಎನ್ನುವವರೊಬ್ಬರು ಸಿಗುತ್ತಾರೆ. ಶುಗರ್ ಬಂತೆಂದು ಬಿಟ್ಟವರಿದ್ದಾರೆ, ಹೊಟ್ಟೆ ಕರಗಲಿ ಎಂದು ಬಿಟ್ಟವರಿದ್ದಾರೆ, ಮನೆಯಲ್ಲಿ ಮದುವೆ ಹತ್ತಿರ ಬಂತೆಂದು ಬಿಟ್ಟವರೂ ಇದ್ದಾರೆ. ಗಲ್ಫಿನಿಂದ ರಜೆಗೆ ಬಂದ ಹುಡುಗರು ಇದನ್ನು ಕೀಟೋ ಎನ್ನುತ್ತಾರೆ. ಮಲಯಾಳಂ ವೀಡಿಯೊಗಳಲ್ಲಿ ಎಲ್‌ಸಿಎಚ್‌ಎಫ್ ಎಂಬ ಹೆಸರು ಓಡುತ್ತದೆ, ಅಂದರೆ ಕಾರ್ಬೋಹೈಡ್ರೇಟ್ ಕಡಿಮೆ, ಕೊಬ್ಬು ಹೆಚ್ಚು. ಹೆಸರು ಏನೇ ಇರಲಿ, ಬಟ್ಟಲಲ್ಲಿ ಆಗುವುದು ಒಂದೇ. ಕುಚ್ಚಲಕ್ಕಿ ಅನ್ನ, ನೀರುದೋಸೆ, ಮರಗೆಣಸು, ಚಹಾದ ಸಕ್ಕರೆ ಹೋಗುತ್ತವೆ. ಮೊಟ್ಟೆ, ಮೀನು, ತೆಂಗಿನೆಣ್ಣೆ ಬರುತ್ತವೆ.

ಈ ಗಾಳಿ ಕಾರಣವಿಲ್ಲದೆ ಎದ್ದದ್ದಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ವಯಸ್ಕರಲ್ಲಿ ದೇಶದ ಸರಾಸರಿ ಶೇ. 11.4 ಆದರೆ ಕೇರಳದ್ದು ಶೇ. 25.5, ನಾಲ್ವರಲ್ಲಿ ಒಬ್ಬರು. ಮೂರು ಹೊತ್ತೂ ಅಕ್ಕಿಯನ್ನೇ ನೆಚ್ಚಿಕೊಂಡಿರುವ ಈ ಊರಲ್ಲಿ ಯಾರಾದರೂ ಅನ್ನ ಕಡಿಮೆ ಮಾಡಿದರೆ ನನಗೆ ಸಂತೋಷವೇ. ಚಿಂತೆ ಇರುವುದು ಅವರು ಲೆಕ್ಕ ಇಡುವ ರೀತಿಯಲ್ಲಿ. ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ. ಆ ಖುಷಿಯಲ್ಲಿ ದೊಡ್ಡ ಗುರಿ ಇಟ್ಟುಕೊಳ್ಳುತ್ತಾರೆ. ಮೂರನೇ ವಾರಕ್ಕೆ ತೂಕದ ಯಂತ್ರದ ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಒಂದು ಮದುವೆ ಊಟ ಬರುತ್ತದೆ, ಮರುದಿನ ಎರಡು ಕಿಲೋ ಹಿಂದೆ ಬಂದಿರುತ್ತದೆ. ‘ನನ್ನ ಮೈಗೆ ಇದೆಲ್ಲ ಆಗುವುದಿಲ್ಲ’ ಎಂದು ಕೈಬಿಡುತ್ತಾರೆ. ಈ ಏರಿಳಿತದಲ್ಲಿ ಕೊಬ್ಬಿನ ಪಾತ್ರ ತೀರಾ ಸಣ್ಣದು. ಏರಿದ್ದು, ಇಳಿದದ್ದು ಬಹುಪಾಲು ನೀರು.

ಪೆರ್ಲದ ಕಡೆ ಕಿರಾಣಿ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರು ಇತ್ತೀಚೆಗೆ ಸಿಕ್ಕಾಗ ಹೇಳಿದರು: “ಒಂದೇ ವಾರಕ್ಕೆ ಮೂರು ಕಿಲೋ ಹೋಯ್ತು ಮಾರಾಯ್ರೆ. ಹೀಗೇ ಹೋದ್ರೆ ಓಣಂ ಆಗುವಾಗ ಹದಿನೈದು ಕಿಲೋ ಇಳೀತದೆ.”

“ಇಳಿಯಲಿ ಅಣ್ಣ. ಆದ್ರೆ ಆ ಮೂರು ಕಿಲೋದಲ್ಲಿ ಕೊಬ್ಬು ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡುವನಾ?”

ಸಾಮಾನಿನ ಚೀಟಿಯ ಹಿಂದೆಯೇ ಲೆಕ್ಕ ಬರೆದೆವು. ಮೈಯಲ್ಲಿರುವ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋಕ್ಯಾಲರಿ ಕೊರತೆ ಬೀಳಬೇಕು. ಮೂರು ಕಿಲೋಗೆ 23,100. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 3,300. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ವ್ಯಾಪಾರ ಮಾಡುವ ಅವರ ಮೈ ಇಡೀ ದಿನಕ್ಕೆ ಖರ್ಚು ಮಾಡುವುದು ಹೆಚ್ಚೆಂದರೆ ಎರಡು ಸಾವಿರದ ಚಿಲ್ಲರೆ. ಏಳು ದಿನವೂ ತುತ್ತು ಮುಟ್ಟದೆ ಕೂತಿದ್ದರೂ ಮೂರು ಕಿಲೋ ಕೊಬ್ಬು ಕರಗಲು ಸಾಧ್ಯವಿಲ್ಲ. ಅವರೋ ಮೊಟ್ಟೆ, ಬೂತಾಯಿ ಮೀನು, ತೆಂಗಿನಕಾಯಿ ಎಲ್ಲ ಹೊಟ್ಟೆ ತುಂಬ ತಿಂದವರು.

“ಹಾಗಾದ್ರೆ ಹೋದದ್ದು ಎಂತ?” ಎಂದು ಕೇಳಿದರು. ಈ ಬರಹ ಆ ಪ್ರಶ್ನೆಗೆ ಕೊಡಬೇಕಾದ ಉದ್ದದ ಉತ್ತರ.

ಕಣಜ ಮತ್ತು ನೀರು

ನಾವು ತಿಂದ ಅನ್ನ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ. ತಕ್ಷಣಕ್ಕೆ ಬೇಕಾದಷ್ಟು ಖರ್ಚಾಗಿ ಉಳಿದದ್ದರಲ್ಲಿ ಒಂದು ಪಾಲನ್ನು ಮೈ ಗ್ಲೈಕೋಜೆನ್ ಮಾಡಿ ಇಟ್ಟುಕೊಳ್ಳುತ್ತದೆ. ಗ್ಲೂಕೋಸಿನ ಸಾವಿರಾರು ಕಣಗಳು ಕವಲು ಕವಲಾಗಿ ಹೆಣೆದುಕೊಂಡ ವಸ್ತು ಇದು. ಫ್ರಾನ್ಸಿನ ಕ್ಲೋಡ್ ಬರ್ನಾರ್ ಇದನ್ನು 1857ರಲ್ಲಿ ಯಕೃತ್ತಿನಿಂದ ಬೇರ್ಪಡಿಸಿ ತೋರಿಸಿದರು. ಇದಕ್ಕೆ ಮೈಯಲ್ಲಿ ಎರಡು ಕಣಜಗಳಿವೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಎಲ್ಲ ಸೇರಿ ಸುಮಾರು 400 ಗ್ರಾಂ. ಮೈಕಟ್ಟು, ದುಡಿಮೆ, ಊಟ ನೋಡಿಕೊಂಡು ಇದು ಹೆಚ್ಚುಕಡಿಮೆ ಆಗುತ್ತದೆ.

ಎರಡು ಕಣಜಗಳ ಕೆಲಸ ಬೇರೆ ಬೇರೆ. ಯಕೃತ್ತಿನದ್ದು ಊರಿಗೆಲ್ಲ ಹಂಚುವ ಕಣಜ. ರಾತ್ರಿ ನಾವು ನಿದ್ದೆಯಲ್ಲಿರುವಾಗ ಮಿದುಳಿಗೆ ಬೇಕಾದ ಗ್ಲೂಕೋಸನ್ನು ರಕ್ತಕ್ಕೆ ಬಿಡುವುದು ಇದೇ. ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ರಕ್ತದಲ್ಲಿ ಒಂದು ಹೊತ್ತಿಗೆ ಇರುವುದೋ ನಾಲ್ಕೈದು ಗ್ರಾಂ ಮಾತ್ರ. ಹಾಗಾಗಿ ಒಂದು ಹಗಲು, ಒಂದು ರಾತ್ರಿ ಏನೂ ತಿನ್ನದೆ ಇದ್ದರೆ ಯಕೃತ್ತಿನ ಕಣಜ ಬಹುಮಟ್ಟಿಗೆ ಬರಿದಾಗುತ್ತದೆ. ಸ್ನಾಯುವಿನದ್ದು ಖಾಸಗಿ ಕಣಜ. ಗ್ಲೂಕೋಸನ್ನು ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಸ್ನಾಯುವಿನಲ್ಲಿಲ್ಲ, ಆದ್ದರಿಂದ ಮೀನಖಂಡದ ಗ್ಲೈಕೋಜೆನ್ ಮೀನಖಂಡದಲ್ಲೇ ಖರ್ಚಾಗಬೇಕು. ತೊಡೆಯಲ್ಲಿ ಎಷ್ಟೇ ತುಂಬಿದ್ದರೂ ಹಸಿದ ಮಿದುಳಿಗೆ ಅದು ಸಿಗುವುದಿಲ್ಲ.

ಈ 500 ಗ್ರಾಂ ಪೂರ್ತಿ ಖಾಲಿಯಾದರೂ ಕಡಿಮೆಯಾಗುವುದು ಅರ್ಧ ಕಿಲೋ ತಾನೆ? ಉಳಿದ ಎರಡೂವರೆ ಕಿಲೋ ಎಲ್ಲಿ ಹೋಯಿತು? ಗ್ಲೈಕೋಜೆನ್ ಮೈಯಲ್ಲಿ ಒಣಗಿದ ಪುಡಿಯಾಗಿ ಕೂರುವುದಿಲ್ಲ. ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ನೀರನ್ನು ಹಿಡಿದುಕೊಂಡಿರುತ್ತದೆ. ಅದು ಖರ್ಚಾದಾಗ ನೀರು ಬಿಡುಗಡೆಯಾಗಿ ಮೂತ್ರದಲ್ಲಿ ಹೋಗುತ್ತದೆ. ಅನ್ನ ಬಿಟ್ಟ ಎರಡನೇ ಮೂರನೇ ದಿನ ಶೌಚಾಲಯಕ್ಕೆ ಮತ್ತೆ ಮತ್ತೆ ಏಳಬೇಕಾಗುವುದು ಇದೇ ಕಾರಣಕ್ಕೆ. ಗ್ಲೈಕೋಜೆನ್ ಅರ್ಧ ಕಿಲೋ, ಅದರ ನೀರು ಒಂದೂವರೆಯಿಂದ ಎರಡು ಕಿಲೋ. ಮೂರು ಕಿಲೋದ ಬಹುಪಾಲು ಇಲ್ಲಿಗೇ ಮುಗಿಯಿತು.

ಇದೆಲ್ಲ ಊಹೆಯ ಲೆಕ್ಕ ಅಲ್ಲ. ಸ್ವೀಡನ್ನಿನ ಯೊನಾಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ 1966ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿ ಪ್ರಯೋಗಕ್ಕೆ ಒಳಗಾದವರೂ ಅವರೇ. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಕೂತು, ಒಬ್ಬೊಬ್ಬರು ಒಂದೊಂದೇ ಕಾಲಿನಲ್ಲಿ ಸುಸ್ತಾಗಿ ನಿಲ್ಲುವವರೆಗೂ ತುಳಿದರು. ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ಆಮೇಲೆ ಮೂರು ದಿನ ಕಾರ್ಬೋಹೈಡ್ರೇಟ್ ತುಂಬಿದ ಊಟ ಮಾಡಿ, ದಪ್ಪ ಸೂಜಿ ಚುಚ್ಚಿ ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ದುಡಿದ ಕಾಲಿನಲ್ಲಿ ಗ್ಲೈಕೋಜೆನ್ ವಿಶ್ರಾಂತಿಯಲ್ಲಿದ್ದ ಕಾಲಿನ ಸುಮಾರು ಎರಡು ಪಟ್ಟು ತುಂಬಿತ್ತು. ಒಂದೇ ಮೈ, ಒಂದೇ ಊಟ, ಒಂದೇ ರಕ್ತ. ಆದರೂ ತುಂಬಿಕೊಂಡದ್ದು ಖಾಲಿ ಮಾಡಿದ ಕಾಲು. 1970ರಲ್ಲಿ ಅಲ್ಲಿಯವರೇ ಆದ ಓಲ್ಸನ್ ಮತ್ತು ಸಾಲ್ಟಿನ್, ಗ್ಲೈಕೋಜೆನ್ ಖಾಲಿ ಮಾಡಿ ಮತ್ತೆ ತುಂಬಿಸಿಕೊಂಡವರ ತೂಕ ಹಾಗೂ ಮೈಯ ಒಟ್ಟು ನೀರನ್ನು ಅಳೆದರು. ತೂಕ ಸುಮಾರು 2.4 ಕಿಲೋ ಏರಿತ್ತು, ಅದರಲ್ಲಿ ಸುಮಾರು 2.2 ಲೀಟರ್ ನೀರೇ. ನಮ್ಮ ಅಂಗಡಿಯ ಅಣ್ಣನದ್ದು ಇದೇ ಪ್ರಯೋಗ, ಹಿಂದುಮುಂದಾಗಿ ನಡೆದದ್ದು.

ಇನ್ನೊಂದು ದಾರಿಯಿಂದಲೂ ನೀರು ಹೋಗುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಮಾತ್ರ ನೋಡಿಕೊಳ್ಳುವ ಹಾರ್ಮೋನ್ ಎಂದುಕೊಂಡಿರುತ್ತೇವೆ. ಉಪ್ಪಿನ ಸೋಡಿಯಂ ಅಂಶವನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳಲು ಅದು ಮೂತ್ರಪಿಂಡಕ್ಕೂ ಸೂಚನೆ ಕೊಡುತ್ತಿರುತ್ತದೆ. ಅನ್ನ ಬಿಟ್ಟಾಗ ಇನ್ಸುಲಿನ್ ಇಳಿಯುತ್ತದೆ, ಮೂತ್ರಪಿಂಡ ಸೋಡಿಯಂ ಬಿಡುತ್ತದೆ, ಸೋಡಿಯಂ ಹೋದಲ್ಲಿ ನೀರೂ ಹಿಂದೆಯೇ ಹೋಗುತ್ತದೆ. ಗ್ಲೂಕೋಸ್ ಕಡಿಮೆಯಾದಾಗ ಯಕೃತ್ತು ಕೊಬ್ಬಿನಿಂದ ಮಾಡುವ ಇಂಧನವಾದ ಕೀಟೋನ್‌ಗಳು ಮೂತ್ರದಲ್ಲಿ ಹೋಗುವಾಗಲೂ ಜೊತೆಗೆ ಸ್ವಲ್ಪ ಸೋಡಿಯಂ ಹೊರಡುತ್ತದೆ. ಕೀಟೋ ಶುರು ಮಾಡಿದವರಿಗೆ ಮೊದಲ ವಾರ ಬರುವ ತಲೆನೋವು, ಎದ್ದು ನಿಂತಾಗ ತಲೆಸುತ್ತು, ರಾತ್ರಿ ಕಾಲು ಸೆಡೆಯುವುದು ಹೆಚ್ಚಾಗಿ ಈ ಉಪ್ಪು ನೀರಿನ ನಷ್ಟದಿಂದ. ‘ವಿಷ ಹೊರಗೆ ಹೋಗುತ್ತಾ ಇದೆ’ ಎಂದು ವೀಡಿಯೊಗಳಲ್ಲಿ ಹೇಳುವುದನ್ನು ನಂಬಬೇಡಿ.

ನಮ್ಮ ಊರಿನಲ್ಲಿ ಈ ತೊಂದರೆ ಸ್ವಲ್ಪ ಜಾಸ್ತಿಯೇ ಆಗಬಹುದು ಎಂದು ನನಗನ್ನಿಸುತ್ತದೆ. ಗಂಜಿ ಎಂದರೆ ನಮಗೆ ಬರೀ ಅಕ್ಕಿ ಅಲ್ಲ. ಒಂದು ದೊಡ್ಡ ಬಟ್ಟಲು ಗಂಜಿಯಲ್ಲಿ ಬಹುಪಾಲು ನೀರು, ಅದಕ್ಕೊಂದು ಚಿಟಿಕೆ ಉಪ್ಪು, ಪಕ್ಕದಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಅಥವಾ ಒಣಮೀನಿನ ಚಟ್ನಿ. ಗಂಜಿ ಬಿಟ್ಟವನು ತನಗೇ ತಿಳಿಯದೆ ದಿನದ ಅರ್ಧ ಲೀಟರ್ ನೀರನ್ನೂ ಒಂದಿಷ್ಟು ಉಪ್ಪನ್ನೂ ಬಿಟ್ಟಿರುತ್ತಾನೆ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬೆವರು ಬೇರೆ ಸುರಿಯುತ್ತದೆ. ಬಿಪಿ, ಹೃದಯ, ಕಿಡ್ನಿಯ ತೊಂದರೆ ಇಲ್ಲದವರು ಈ ದಿನಗಳಲ್ಲಿ ಉಪ್ಪು ಹಾಕಿದ ಮಜ್ಜಿಗೆನೀರು ಕುಡಿದರೆ ಸಾಕು, ತಲೆನೋವು ಹೆಚ್ಚಾಗಿ ಇಳಿಯುತ್ತದೆ. ಆ ತೊಂದರೆ ಇರುವವರು ಉಪ್ಪಿನ ವಿಷಯವನ್ನು ಡಾಕ್ಟರರ ಹತ್ತಿರ ಕೇಳಿಯೇ ಮಾಡಬೇಕು.

ಮದುವೆ ಊಟದ ಮರುದಿನ ಏರುವ ತೂಕಕ್ಕೂ ಇದೇ ಉತ್ತರ. ಎರಡು ವಾರ ಅನ್ನ ಮುಟ್ಟದವರು ಒಂದು ಮಧ್ಯಾಹ್ನ ಎಲೆಯ ಮುಂದೆ ಕೂತು ಅನ್ನ, ಹೋಳಿಗೆ, ಪಾಯಸ ಉಂಡರು ಎನ್ನಿ. ಖಾಲಿ ಬಿದ್ದಿದ್ದ ಕಣಜಗಳು ಆಸೆಯಿಂದ ತುಂಬಿಕೊಳ್ಳುತ್ತವೆ, ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಏರಿ ಸೋಡಿಯಂ ಉಳಿಯುತ್ತದೆ. ಮರುದಿನ ಯಂತ್ರ ಒಂದೂವರೆ ಕಿಲೋ ಹೆಚ್ಚು ತೋರಿಸುತ್ತದೆ. ಅದೆಲ್ಲ ಕೊಬ್ಬಾಗಬೇಕಿದ್ದರೆ ಒಂದೇ ಊಟದಲ್ಲಿ ಅಗತ್ಯಕ್ಕಿಂತ 11,000 ಕಿಲೋಕ್ಯಾಲರಿಗೂ ಹೆಚ್ಚು ತಿನ್ನಬೇಕಿತ್ತು. ಯಾವ ಭೋಜನದಲ್ಲೂ ಅದು ಆಗುವ ಕೆಲಸ ಅಲ್ಲ. ಹೆಂಗಸರಲ್ಲಿ ಮುಟ್ಟಿನ ಮುಂಚಿನ ದಿನಗಳಲ್ಲೂ ನೀರು ನಿಂತು ತೂಕ ಏರುವುದುಂಟು. ಆ ವಾರದ ತೂಕ ನೋಡಿ ಬೇಸರ ಮಾಡಿಕೊಳ್ಳುವ ಅಗತ್ಯ ಇಲ್ಲ.

ಹಾಗಾದರೆ ಕೊಬ್ಬು ಕರಗುವುದೇ ಇಲ್ಲವೆ?

ಕರಗುತ್ತದೆ. ಎಷ್ಟು ಎನ್ನುವುದಕ್ಕೆ ಒಂದು ಹಳೆಯ ಅಧ್ಯಯನ ಬಹಳ ಸ್ಪಷ್ಟವಾದ ಉತ್ತರ ಕೊಡುತ್ತದೆ. ಅಮೆರಿಕದಲ್ಲಿ ಯಾಂಗ್ ಮತ್ತು ವಾನ್ ಇಟಾಲಿ 1976ರಲ್ಲಿ ಆರು ಮಂದಿ ಸ್ಥೂಲಕಾಯದವರಿಗೆ ಹತ್ತು ದಿನ 800 ಕಿಲೋಕ್ಯಾಲರಿಯ ಕೀಟೋ ಊಟ, ಇನ್ನೊಂದು ಹತ್ತು ದಿನ ಅಷ್ಟೇ ಕ್ಯಾಲರಿಯ ಸಾಮಾನ್ಯ ಮಿಶ್ರ ಊಟ ಕೊಟ್ಟರು. ಕೀಟೋದಲ್ಲಿ ದಿನಕ್ಕೆ ಸರಾಸರಿ 467 ಗ್ರಾಂ ಇಳಿಯಿತು, ಮಿಶ್ರ ಊಟದಲ್ಲಿ 278 ಗ್ರಾಂ. ಇಷ್ಟನ್ನೇ ನೋಡಿದರೆ ಕೀಟೋ ಗೆದ್ದಿತು. ಆದರೆ ಅವರು ಇಳಿದದ್ದು ಏನು ಎಂದೂ ಬಿಡಿಸಿ ನೋಡಿದರು. ಕೀಟೋದಲ್ಲಿ ಇಳಿದ ತೂಕದ ಶೇ. 61 ನೀರು, ಶೇ. 35 ಕೊಬ್ಬು. ಮಿಶ್ರ ಊಟದಲ್ಲಿ ಶೇ. 37 ನೀರು, ಶೇ. 59.5 ಕೊಬ್ಬು. ಈಗ ಗುಣಿಸಿ ನೋಡಿ: ಕೀಟೋದಲ್ಲಿ ದಿನಕ್ಕೆ ಸುಮಾರು 163 ಗ್ರಾಂ ಕೊಬ್ಬು, ಮಿಶ್ರ ಊಟದಲ್ಲಿ ಸುಮಾರು 165 ಗ್ರಾಂ. ಕ್ಯಾಲರಿ ಒಂದೇ ಆಗಿದ್ದುದರಿಂದ ಕರಗಿದ ಕೊಬ್ಬೂ ಒಂದೇ. ದಿನಕ್ಕೆ ಸುಮಾರು 190 ಗ್ರಾಮಿನ ಆ ವ್ಯತ್ಯಾಸ ಹೆಚ್ಚುಕಡಿಮೆ ಪೂರ್ತಿ ನೀರಿನದ್ದು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಇದನ್ನು ಇನ್ನೂ ಬಿಗಿಯಾಗಿ ಪರೀಕ್ಷಿಸಿದರು. 2015ರ ಅವರ ಅಧ್ಯಯನದಲ್ಲಿ 19 ಮಂದಿಯನ್ನು ಸಂಸ್ಥೆಯ ಒಳಗೇ ಇರಿಸಿ, ಆರು ದಿನ ಕಾರ್ಬೋಹೈಡ್ರೇಟ್ ಕಡಿದು, ಇನ್ನೊಮ್ಮೆ ಆರು ದಿನ ಕೊಬ್ಬು ಕಡಿದು, ಎರಡರಲ್ಲೂ ಒಟ್ಟು ಕ್ಯಾಲರಿ ಶೇ. 30 ಇಳಿಸಿ ನೋಡಿದರು. ತೂಕ ಹೆಚ್ಚು ಇಳಿದದ್ದು ಕಾರ್ಬೋಹೈಡ್ರೇಟ್ ಕಡಿದಾಗ. ಮೈಯ ಕೊಬ್ಬು ಹೆಚ್ಚು ಹೋದದ್ದು ಊಟದ ಕೊಬ್ಬು ಕಡಿದಾಗ, ದಿನಕ್ಕೆ 53 ಗ್ರಾಮಿಗೆ ಎದುರಾಗಿ 89 ಗ್ರಾಂ. ಆರೇ ದಿನದ ಮಾತು ಇದು, ಇದರಿಂದ ಜೀವನಪೂರ್ತಿಗೆ ತೀರ್ಮಾನ ಮಾಡಬಾರದು. ಆದರೆ ತೂಕದ ಯಂತ್ರ ಮತ್ತು ಕೊಬ್ಬು ಎದುರುಬದುರು ದಿಕ್ಕಿಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ದೀರ್ಘ ಕಾಲದ ಲೆಕ್ಕಕ್ಕೆ 2018ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ ಪ್ರಕಟಿಸಿದ ಅಧ್ಯಯನ ನೋಡಬಹುದು. 609 ಮಂದಿ, ಒಂದು ವರ್ಷ. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ ಇಳಿದರು, ಕಾರ್ಬೋಹೈಡ್ರೇಟ್ ಕಡಿಮೆ ಮಾಡಿದವರು 6 ಕಿಲೋ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ. ಎರಡು ಗುಂಪಿಗೂ ಸಕ್ಕರೆ, ಮೈದಾ ಬಿಟ್ಟು ತರಕಾರಿ ಹೆಚ್ಚು ತಿನ್ನಲು ಹೇಳಿದ್ದರು. ಅಂದರೆ ಅನ್ನ ಬಿಡುವುದು ಒಂದು ದಾರಿ, ಕೆಲವರಿಗೆ ಒಳ್ಳೆಯ ದಾರಿ. ಅದೊಂದೇ ದಾರಿ ಅಲ್ಲ.

ಇದನ್ನು ಓದಿ ‘ಹಾಗಾದರೆ ಮೊದಲ ವಾರ ಪೂರ್ತಿ ವ್ಯರ್ಥ’ ಎಂದುಕೊಳ್ಳುವುದೂ ಸರಿಯಲ್ಲ. ಮಧುಮೇಹ ಇರುವವರಲ್ಲಿ ಊಟದ ನಂತರದ ಸಕ್ಕರೆ ಮೊದಲ ದಿನಗಳಿಂದಲೇ ಇಳಿಯಲು ಶುರುವಾಗುತ್ತದೆ. ರಕ್ತದಲ್ಲಿರುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿಯುತ್ತದೆ. ಎರಡೇ ವಾರದಲ್ಲಿ ಯಕೃತ್ತಿನ ಕೊಬ್ಬು ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡುಬಂದಿದೆ. ಪ್ರೋಟೀನ್ ಹೆಚ್ಚಾದರೆ ಹಸಿವೂ ತಗ್ಗುತ್ತದೆ, ತಿನ್ನುವುದು ತಾನಾಗಿಯೇ ಕಡಿಮೆಯಾಗುತ್ತದೆ. ಇವೆಲ್ಲ ನಿಜವಾದ ಲಾಭ. ಯಾವುದೂ ತೂಕದ ಯಂತ್ರದಲ್ಲಿ ಕಾಣುವುದಿಲ್ಲ ಅಷ್ಟೆ. ದಿನಕ್ಕೆ 500 ಕಿಲೋಕ್ಯಾಲರಿ ಕಡಿಮೆ ತಿಂದವರ ಕೊಬ್ಬು ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ ಕರಗುತ್ತದೆ. ನೀರು ಒಂದೇ ದಿನದಲ್ಲಿ ಒಂದು ಕಿಲೋ ಅತ್ತಿತ್ತ ಆಡುತ್ತದೆ. ಮೂರನೇ ವಾರ ಮುಳ್ಳು ನಿಂತಂತೆ ಕಂಡಾಗಲೂ ಒಳಗೆ ಕೊಬ್ಬು ಕರಗುತ್ತಿರಬಹುದು. ಅದೇ ಹೊತ್ತಿಗೆ ಜನ ಕೈಬಿಡುತ್ತಾರೆ ಎಂಬುದು ನನ್ನ ಹೊಟ್ಟೆ ಉರಿಸುವ ಸಂಗತಿ.

ಜಿಮ್ಮಿನ ಯಂತ್ರ ಹೇಳುವುದು, ಹೇಳದೆ ಇರುವುದು

ಈಗ ಸಣ್ಣ ಪೇಟೆಗಳ ಜಿಮ್ಮುಗಳಲ್ಲೂ ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರ ಬಂದಿದೆ. ಬರಿಗಾಲಲ್ಲಿ ಹತ್ತಿ ನಿಂತರೆ ತೀರಾ ಸಣ್ಣ ವಿದ್ಯುತ್ತನ್ನು ಮೈಯೊಳಗೆ ಹಾಯಿಸುತ್ತದೆ. ನೀರಿರುವ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಆ ತಡೆಯನ್ನು ಅಳೆದು, ವಯಸ್ಸು ಎತ್ತರ ಸೇರಿಸಿ, ಸೂತ್ರದಿಂದ ಕೊಬ್ಬು ಇಷ್ಟು ಎಂದು ಅಂದಾಜು ಮಾಡುತ್ತದೆ. ನೇರವಾಗಿ ಕೊಬ್ಬನ್ನು ಅಳೆಯುವುದಿಲ್ಲ. ಅನ್ನ ಬಿಟ್ಟು ಮೈಯ ನೀರು ಇಳಿದಾಗ ತಡೆ ಹೆಚ್ಚಾಗುತ್ತದೆ, ಯಂತ್ರ ಅದನ್ನು ಕೊಬ್ಬು ಹೆಚ್ಚಾಯಿತು ಎಂದು ಓದುತ್ತದೆ. ಮೂರು ಕಿಲೋ ಇಳಿದವರಿಗೆ ‘ಕೊಬ್ಬು ಶೇ. 2 ಏರಿದೆ, ಸ್ನಾಯು ಕರಗಿದೆ’ ಎಂಬ ಚೀಟಿ ಸಿಗುವುದು ಹೀಗೆ. ಎಕ್ಸ್‌ರೇ ಬಳಸಿ ಅಳೆಯುವ ಆಸ್ಪತ್ರೆಯ ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ಎಷ್ಟೋ ನಿಖರ. ಆದರೂ ಅದು ಗ್ಲೈಕೋಜೆನನ್ನೂ ಅದರ ನೀರನ್ನೂ ಕೊಬ್ಬಲ್ಲದ ಭಾಗಕ್ಕೇ ಸೇರಿಸುತ್ತದೆ. ಆದ್ದರಿಂದ ಮೊದಲ ವಾರದಲ್ಲಿ ಎರಡು ಕಿಲೋ ‘ಸ್ನಾಯು’ ಹೋಗಿದೆ ಎಂದು ಕಂಡರೆ ಗಾಬರಿಯಾಗಬೇಕಿಲ್ಲ. ಅನ್ನ ತಿಂದ ಎರಡೇ ದಿನದಲ್ಲಿ ಮರಳಿ ಬರುವ ಸ್ನಾಯು ಅದು.

ನಿಜವಾದ ಸ್ನಾಯು ಕಳೆದುಕೊಳ್ಳುವ ಅಪಾಯ ಮಾತ್ರ ಇದ್ದೇ ಇದೆ, ಅದು ನಿಧಾನವಾಗಿ ಬರುವಂಥದ್ದು. ತೂಕ ಇಳಿಸುವವರಲ್ಲಿ ಇಳಿದದ್ದರ ಕಾಲು ಭಾಗದಷ್ಟು ಕೊಬ್ಬಲ್ಲದ ಅಂಶ ಇರುವುದು ಸಾಮಾನ್ಯ. ಅದನ್ನು ತಡೆಯಲು ಎರಡೇ ಉಪಾಯ: ಸಾಕಷ್ಟು ಪ್ರೋಟೀನ್, ಮತ್ತು ಸ್ನಾಯುವಿಗೆ ಭಾರದ ಕೆಲಸ. ನಮ್ಮವರಿಗೆ ಇದು ಇನ್ನೂ ಮುಖ್ಯ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದ್ದರು. ಇಬ್ಬರದ್ದೂ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ: ಭಾರತೀಯರ ಮೈ ಹೆಚ್ಚಾಗಿ ಹೀಗೆ. ಇರುವ ಅಲ್ಪ ಸ್ನಾಯುವನ್ನೂ ಕಳೆದುಕೊಂಡು ತೂಕ ಇಳಿಸಿದರೆ, ಸಕ್ಕರೆಯನ್ನು ಹೀರಿಕೊಳ್ಳುವ ಜಾಗವನ್ನೇ ನಾವು ಕಿರಿದು ಮಾಡಿಕೊಂಡಂತೆ.

ಅಡಕೆ ತೋಟದಲ್ಲಿ ದುಡಿಯುವವರ ವಿಷಯ ಬೇರೆಯೇ. ಮಳೆಗಾಲದಲ್ಲಿ ಮದ್ದು ಬಿಡಲು ಕಾಲಿಗೆ ಹಗ್ಗದ ತಳೆ ಹಾಕಿ ಒಂದರ ಹಿಂದೆ ಒಂದು ಮರ ಹತ್ತುವವರ ತೊಡೆ, ತೋಳು ಆ ಕ್ಷಣಕ್ಕೆ ಉರಿಸುವುದು ಸ್ನಾಯುವಿನ ಗ್ಲೈಕೋಜೆನನ್ನೇ. ನಡಿಗೆಯಂಥ ನಿಧಾನದ ಕೆಲಸಕ್ಕೆ ಕೊಬ್ಬು ಸಾಕಾಗುತ್ತದೆ, ಥಟ್ಟನೆ ಬಲ ಹಾಕುವ ಕೆಲಸಕ್ಕೆ ಕೊಬ್ಬಿನ ವೇಗ ಸಾಲದು. ಕಣಜ ಖಾಲಿ ಇಟ್ಟುಕೊಂಡು, ಉಪ್ಪು ನೀರು ಇಳಿದ ಮೈಯಲ್ಲಿ ನಲವತ್ತಡಿ ಮೇಲೆ ಹೋದಾಗ ತಲೆ ಸುತ್ತಿದರೆ ಏನಾದೀತು ಎಂದು ಹೇಳಬೇಕಿಲ್ಲ. ಇಂಥ ಕೆಲಸ ಮಾಡುವವರು ಬೆಳಗ್ಗಿನ ಗಂಜಿಯನ್ನು ಬಿಡುವ ಅಗತ್ಯವೇ ಇಲ್ಲ. ಅವರ ಮೈ ಅದನ್ನು ಮಧ್ಯಾಹ್ನದೊಳಗೆ ಖರ್ಚು ಮಾಡಿ ಮುಗಿಸುತ್ತದೆ. ಅವರ ಬಟ್ಟಲಿನ ಅನ್ನ ನೋಡಿ ಅಷ್ಟೇ ಅನ್ನವನ್ನು ಮೇಜಿನ ಕೆಲಸ ಮಾಡುವವರೂ ಉಣ್ಣುತ್ತಿರುವುದು ನಮ್ಮ ಊರಿನ ನಿಜವಾದ ಸಮಸ್ಯೆ.

ಬಿಟ್ಟ ಅನ್ನದ ಜಾಗಕ್ಕೆ ಏನು ಬಂತು ಎಂಬುದರ ಮೇಲೆ ಎಲ್ಲ ನಿಂತಿದೆ. 150 ಗ್ರಾಂ ಅಕ್ಕಿ ಕಡಿಮೆ ಮಾಡಿದರೆ ಸುಮಾರು 525 ಕಿಲೋಕ್ಯಾಲರಿ ಉಳಿಯುತ್ತದೆ. ಕೊಬ್ಬು ತಿಂದರೆ ಕೊಬ್ಬು ಕರಗುತ್ತದೆ ಎಂಬ ಮಾತು ನಂಬಿ ದಿನಕ್ಕೆ ನಾಲ್ಕು ದೊಡ್ಡ ಚಮಚ ತೆಂಗಿನೆಣ್ಣೆ ಹೆಚ್ಚು ಹಾಕಿಕೊಂಡರೆ ಉಳಿಸಿದ್ದೆಲ್ಲ ಅಲ್ಲಿಗೇ ಸಮವಾಯಿತು. ನೀರು ಇಳಿದಿರುತ್ತದೆ, ತೂಕ ಇಳಿದಂತೆ ಕಾಣುತ್ತದೆ, ಕೊಬ್ಬು ಇದ್ದಲ್ಲೇ ಇರುತ್ತದೆ. 2025ರಲ್ಲಿ ಇಂಡಿಯಾಬ್ ತಂಡ ಪ್ರಕಟಿಸಿದ ಆಹಾರದ ವಿಶ್ಲೇಷಣೆಯಲ್ಲಿ ಭಾರತೀಯರ ಕ್ಯಾಲರಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ ಎಂದು ಕಂಡಿದೆ. ಒಟ್ಟು ಕ್ಯಾಲರಿಯ ಶೇ. 5ರಷ್ಟನ್ನು ಕಾರ್ಬೋಹೈಡ್ರೇಟಿನಿಂದ ಬೇಳೆಕಾಳು ಅಥವಾ ಹಾಲಿನ ಪ್ರೋಟೀನಿಗೆ ಬದಲಿಸುವುದು ಮಧುಮೇಹದ ಕಡಿಮೆ ಅಪಾಯದೊಂದಿಗೆ ಸೇರಿಕೊಂಡಿತ್ತು. ಒಟ್ಟು ಪ್ರಮಾಣ ಇಳಿಸದೆ ಬಿಳಿ ಅಕ್ಕಿಯ ಬದಲು ಗೋಧಿ ಹಿಟ್ಟು, ರಾಗಿ ಎಂದು ಬದಲಿಸಿದ್ದರಿಂದ ಆ ಪ್ರಯೋಜನ ಕಾಣಲಿಲ್ಲ. ‘ರಾತ್ರಿ ಚಪಾತಿ ಮಾತ್ರ’ ಎಂದು ನಾಲ್ಕು ಚಪಾತಿ ತಿನ್ನುವವರು ಇದನ್ನು ಗಮನಿಸಬೇಕು.

60 ಕಿಲೋ ತೂಕದ ಒಬ್ಬರು ತೂಕ ಇಳಿಸುವಾಗ ಕಿಲೋಗೆ 1.2 ಗ್ರಾಮಿನಂತೆ ದಿನಕ್ಕೆ 72 ಗ್ರಾಂ ಪ್ರೋಟೀನ್ ತಿನ್ನುವುದು ಒಳ್ಳೆಯದು. ಎರಡು ಮೊಟ್ಟೆಯಲ್ಲಿ 12, ಸ್ವಚ್ಛ ಮಾಡಿದ 150 ಗ್ರಾಂ ಬಂಗುಡೆಯಲ್ಲಿ ಮೂವತ್ತರ ಹತ್ತಿರ, 50 ಗ್ರಾಂ ಹುರುಳಿಯಲ್ಲಿ 11, ಒಂದು ಕಪ್ ಮೊಸರಿನಲ್ಲಿ ಆರೇಳು. ದಿನಕ್ಕೆ 200 ಗ್ರಾಂ ಅಕ್ಕಿ ಉಳಿಸಿಕೊಂಡರೆ ಅದರಲ್ಲೂ 14 ಗ್ರಾಂ ಇದೆ. ಎಣಿಸಿ ನೋಡಿದರೆ ಸರಿಹೋಗುತ್ತದೆ, ಅನ್ನ ಪೂರ್ತಿ ಬಿಡುವ ಪ್ರಮೇಯವೂ ಬರಲಿಲ್ಲ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲ ಬದಿಯವರಿಗೆ ಇದು ಸುಲಭ. ಮೀನು ಮೊಟ್ಟೆ ತಿನ್ನದ ಮನೆಗಳಲ್ಲಿ ಕಷ್ಟ ಇದೆ. ಮೇಲಾರ, ತಂಬುಳಿ, ಸಾರು, ಪಲ್ಯ ಎಂದು ಎಲೆ ತುಂಬಿ ಕಂಡರೂ ಅಲ್ಲಿ ಹೆಚ್ಚಿನದು ತೆಂಗಿನಕಾಯಿ ಮತ್ತು ನೀರುಮಜ್ಜಿಗೆ. ಬೇಳೆಯ ಪಾಲು ಕಡಿಮೆ. ಅಂಥ ಮನೆಗಳಲ್ಲಿ ಅನ್ನ ಮಾತ್ರ ತೆಗೆದರೆ ಉಳಿಯುವುದು ಎಣ್ಣೆ ಮತ್ತು ಹಸಿವು. ಹೆಸರು, ಕಡಲೆ, ಅಲಸಂಡೆ, ಹುರುಳಿ, ಗಟ್ಟಿ ಮೊಸರು, ಪನೀರ್, ಸೋಯಾ ಇವುಗಳಲ್ಲಿ ಕೆಲವನ್ನಾದರೂ ದಿನಕ್ಕೆರಡು ಹೊತ್ತು ತರಬೇಕು. ಹುರುಳಿಯನ್ನು ಬರೀ ಸಾರಿಗೆ ಹಿಂಡಿ ಬೇಯಿಸಿದ ಕಾಳನ್ನು ದನಕ್ಕೆ ಹಾಕುವ ಮನೆಗಳು ಈಗಲೂ ಇವೆ. ಆ ಕಾಳಿನಲ್ಲೇ ಪ್ರೋಟೀನ್ ಇರುವುದು.

ಅಳೆಯುವುದು ಹೇಗೆ ಎಂದರೆ, ಬೆಳಗ್ಗೆ ಶೌಚ ಮುಗಿಸಿ, ಏನೂ ಕುಡಿಯದೆ ತೂಕ ನೋಡಿ ಬರೆದಿಡಿ. ಒಂದೊಂದು ದಿನದ ಅಂಕಿಗೆ ಬೆಲೆ ಕೊಡದೆ ವಾರದ ಸರಾಸರಿ ತೆಗೆಯಿರಿ. ಹೋಲಿಕೆಗೆ ಎರಡನೇ ವಾರದ ಸರಾಸರಿಯನ್ನೇ ಆರಂಭ ಎಂದು ಹಿಡಿಯಿರಿ, ಆಗ ಮೊದಲ ವಾರದ ನೀರು ಲೆಕ್ಕದಿಂದ ಹೊರಗೆ ಉಳಿಯುತ್ತದೆ. ತಿಂಗಳಿಗೊಮ್ಮೆ ದರ್ಜಿಯ ಟೇಪಿನಲ್ಲಿ ಸೊಂಟ ಅಳೆಯಿರಿ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಎಲುಬಿನ ತುದಿ, ಇವುಗಳ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳೆಯದೆ. ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು. ತೂಕ ನಿಂತಿದ್ದು ಸೊಂಟ ಇಳಿಯುತ್ತಿದ್ದರೆ ಕೆಲಸ ಸರಿಯಾಗಿಯೇ ನಡೆಯುತ್ತಿದೆ.

ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಮಾತ್ರ ಸಲುಗೆ ಇಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆ ತೆಗೆದುಕೊಳ್ಳುತ್ತಾ ಒಮ್ಮೆಲೇ ಅನ್ನ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕೆಳಗೆ ಬೀಳಬಹುದು. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ನೀರು ಇಳಿದ ಮೈಯಲ್ಲಿ ರಕ್ತದೊತ್ತಡ ತೀರಾ ತಗ್ಗಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕಿಡ್ನಿ ತೊಂದರೆ ಇರುವವರು, ಟೈಪ್ 1 ಮಧುಮೇಹದವರು ಸ್ವಂತ ತೀರ್ಮಾನದಿಂದ ಇದಕ್ಕೆ ಇಳಿಯಲೇಬಾರದು. ನಮ್ಮಲ್ಲಿ ತುಂಬ ಮಂದಿ ಗಡಿಯ ತಲಪಾಡಿ ದಾಟಿ ಮಂಗಳೂರಿನ ಡಾಕ್ಟರರಿಗೆ ತೋರಿಸುವವರು, ಮುಂದಿನ ಭೇಟಿ ಮೂರು ತಿಂಗಳ ನಂತರ. ಅಲ್ಲಿಯವರೆಗೆ ಹಳೆಯ ಡೋಸಿನಲ್ಲೇ ಮಾತ್ರೆ, ಹೊಸ ಊಟ ಎಂದು ನಡೆಸಬೇಡಿ. ಊಟ ಬದಲಿಸುವ ಮುಂಚೆಯೇ ಫೋನ್ ಮಾಡಿ ಕೇಳಿ, ಇಲ್ಲವೆ ಹತ್ತಿರದ ಕುಟುಂಬಾರೋಗ್ಯ ಕೇಂದ್ರಕ್ಕೆ ಮಾತ್ರೆಯ ಚೀಟಿ ಹಿಡಿದುಕೊಂಡು ಹೋಗಿ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ಬಹಳ ಮಂದಿಯ ಚೀಟಿಯಲ್ಲಿವೆ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಇವುಗಳ ಜೊತೆ ಕಾರ್ಬೋಹೈಡ್ರೇಟ್ ತೀರಾ ಕಡಿದರೆ ರಕ್ತದಲ್ಲಿ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯ ಇದೆ, ಅದೂ ಸಕ್ಕರೆ ಹೆಚ್ಚು ಏರದೆಯೇ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಮನೆಯ ಗ್ಲೂಕೋಮೀಟರ್ 180 ತೋರಿಸಿತೆಂದು ಸಮಾಧಾನ ಮಾಡಿಕೊಂಡು ಕೂರಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಅನ್ನ ಬಿಟ್ಟು ಎಷ್ಟು ದಿನವಾಯಿತು ಎಂದು ಹೇಳಿ, ಕೀಟೋನ್ ಪರೀಕ್ಷೆ ಮಾಡಿಸಿ.